ಶೈಶವದ ಒಂದು ಶತ್ರುವೂ ಅದರ ನಿಗ್ರಹವೂ

ತಾಯಿಯಾದವಳು ತನ್ನ ಕೂಸಿಗೆ ಮೊಲೆಹಾಲನ್ನು ಉಣಿಸುವುದಕ್ಕೂ ಮೊದಲೇ ಇನ್ನೊಂದು ಸಂಪತ್ತನ್ನು ಅದಕ್ಕೆ ಧಾರೆಯೆರೆದಿರುತ್ತಾಳೆ. ಬಾಳಿನುದ್ದಕ್ಕೂ ತಾನು ಎದುರಿಸಿದ ರೋಗಾಣುಗಳ ವಿರುದ್ಧ ಅವಳ ರಕ್ತದಲ್ಲಿ ಸಂಚಿತವಾಗಿರುವ ಪ್ರತಿಕಾಯಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸುವಿನ ಮೂಲಕ ಶಿಶುವಿನ ರಕ್ತವನ್ನು ಸೇರಿ, ಹುಟ್ಟಿದ ಮೊದಲ ವಾರಗಳಲ್ಲಿ ಅದನ್ನು ಕಾಯುತ್ತವೆ. ಆದರೆ ಈ ಬಳುವಳಿಯು ಅಕ್ಷಯವಾದುದಲ್ಲ. ದಿನ ಕಳೆದಂತೆ ಅದು ಕ್ಷೀಣಿಸುತ್ತದೆ, ಶಿಶುವಾದರೋ ತನ್ನ ಸ್ವಂತ ಬಲವನ್ನು ಗಳಿಸಿಕೊಳ್ಳಲು ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ತಾಯಿಯ ರಕ್ಷಣೆ ಮುಗಿದು ತನ್ನ ರಕ್ಷಣೆ ಮೊದಲಾಗದ ಈ ನಡುಗಾಲದಲ್ಲಿಯೇ ಎರಗುವ ಬ್ಯಾಕ್ಟೀರಿಯಗಳಲ್ಲಿ ಹಿಮೊಫಿಲಸ್ ಇನ್‌ಫ್ಲುಯೆಂಜೆ ಎಂಬುದರ ಬಿ ಪ್ರಭೇದವು, ವೈದ್ಯರ ಮಾತಿನಲ್ಲಿ ಹಿಬ್ ಎಂಬುದು, ಅತ್ಯಂತ ಕ್ರೂರವಾದವುಗಳಲ್ಲೊಂದು.

1889ರಲ್ಲಿ ಆರಂಭವಾಗಿ ಜಗತ್ತನ್ನೇ ವ್ಯಾಪಿಸಿದ ಫ್ಲೂ ಜ್ವರದ ಕಾಲದಲ್ಲಿ, 1892ರಲ್ಲಿ, ಜರ್ಮನಿಯ ರಿಚರ್ಡ್ ಫೈಫರನು ರೋಗಿಗಳ ಕಫದಲ್ಲಿ ಈ ಸೂಕ್ಷ್ಮವಾದ ದಂಡಾಣುವನ್ನು ಕಂಡು, ಫ್ಲೂವಿಗೆ ಇದೇ ಕಾರಣವೆಂದು ಸಾರಿದನು. 1933ರಲ್ಲಿ ಲಂಡನ್ನಿನ ಸಂಶೋಧಕರು ಆ ಜ್ವರದ ನಿಜವಾದ ಕಾರಣ ವೈರಸ್ಸೆಂಬುದನ್ನು ತೋರಿಸಿಕೊಟ್ಟ ಮೇಲೆ ದಂಡಾಣುವು ಆ ಆರೋಪದಿಂದ ಮುಕ್ತವಾಯಿತು. ಆದರೆ ಅಷ್ಟರಲ್ಲೇ ಅದರ ಬೇರೊಂದು ಅಪರಾಧ ಬೆಳಕಿಗೆ ಬಂದಿದ್ದಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಮಾರ್ಗರೆಟ್ ಪಿಟ್‌ಮನ್ ಎಂಬ ವಿದುಷಿಯು 1931ರಲ್ಲಿ, ಈ ಬ್ಯಾಕ್ಟೀರಿಯಗಳಲ್ಲಿ ಕೆಲವಕ್ಕೆ ಶರ್ಕರದ ಕವಚವೊಂದಿರುವುದನ್ನೂ, ಕವಚಧಾರಿಗಳಲ್ಲಿ ಎ ಮೊದಲ್ಗೊಂಡು ಎಫ್ ವರೆಗೆ ಪ್ರಭೇದಗಳಿರುವುದನ್ನೂ, ಮಿದುಳು ಜ್ವರದಿಂದ ನರಳುವ ಮಕ್ಕಳ ಬೆನ್ನುಹುರಿಯ ದ್ರವದಲ್ಲಿ ದೊರೆಯುವುದು ಹೆಚ್ಚಾಗಿ ಬಿ ಪ್ರಭೇದವೇ ಎಂಬುದನ್ನೂ ನಿರೂಪಿಸಿದಳು.

ಈ ಜೀವಿಗೆ ಮನುಷ್ಯನಲ್ಲದೆ ಬೇರೆ ಆಶ್ರಯವಿಲ್ಲ. ಆರೋಗ್ಯವಂತರ ಮೂಗುಗಂಟಲುಗಳಲ್ಲಿ ಯಾವ ಲಕ್ಷಣವನ್ನೂ ತೋರದೆ ವಾಸಿಸಿಕೊಂಡಿದ್ದು, ಕೆಮ್ಮು ಸೀನುಗಳ ಹನಿಗಳೊಡನೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಕವಚವಿಲ್ಲದ ಬಗೆಗಳು ಬಹುಮಟ್ಟಿಗೆ ಕಿವಿಸೋರುವಿಕೆ, ಶ್ವಾಸನಾಳದ ಉರಿಯೂತಗಳಷ್ಟಕ್ಕೇ ನಿಲ್ಲುತ್ತವೆ. ಬಿ ಪ್ರಭೇದದ ಕವಚವಾದರೋ ರಕ್ತದ ಕಾವಲುಕಣಗಳು ಅದನ್ನು ನುಂಗದಂತೆ ಮಾಡುವುದರಿಂದ, ಅದು ಗಂಟಲಿನಿಂದ ರಕ್ತಕ್ಕಿಳಿದು, ಪುಪ್ಪುಸವನ್ನು ಸೇರಿ ನ್ಯುಮೋನಿಯವನ್ನೂ, ಮಿದುಳನ್ನು ಆವರಿಸಿರುವ ಪೊರೆಗಳನ್ನು ಹೊಕ್ಕು ಮಿದುಳು ಜ್ವರವನ್ನೂ ಉಂಟುಮಾಡಬಲ್ಲದು. ಕೂಸಿಗೆ ಬಿಡದ ಜ್ವರ ಬಂದು, ಮೊಲೆ ಹಿಡಿಯದೆ, ನೆತ್ತಿ ಉಬ್ಬಿ, ಸೆಳವು ಕಾಣಿಸಿಕೊಂಡರೆ, ಅಥವಾ ಉಸಿರಾಟದ ವೇಗವೇರಿ ಉಸಿರಿಗೊಮ್ಮೆ ಪಕ್ಕೆ ಒಳಸೆಳೆಯುತ್ತಿದ್ದರೆ, ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಏಕೆಂದರೆ ಸಮರ್ಥವಾದ ಚಿಕಿತ್ಸೆ ದೊರೆತಾಗಲೂ ಈ ಮಿದುಳು ಜ್ವರವು ನೂರರಲ್ಲಿ ಮೂರರಿಂದ ಆರು ಮಕ್ಕಳನ್ನು ಬಲಿತೆಗೆದುಕೊಳ್ಳುತ್ತದೆ. ಬದುಕುಳಿದವರಲ್ಲಿಯೂ ಹಲವರಿಗೆ ಕಿವುಡುತನವೋ ಬುದ್ಧಿಮಾಂದ್ಯವೋ ಅಂಗದೌರ್ಬಲ್ಯವೋ ಆಜೀವ ಸಂಗಾತಿಯಾಗುತ್ತದೆ. ಮಾತು ಕಲಿಯುವ ಮೊದಲೇ ಕಿವಿ ಕಳೆದುಕೊಂಡ ಮಗುವಿಗೆ ಆದ ನಷ್ಟವನ್ನು ಯಾವ ಲೆಕ್ಕದಲ್ಲಿ ಅಳೆಯುವುದು?

ಶಿಶುಗಳನ್ನೇ ಇದು ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ 1933ರಲ್ಲಿ ಅಮೆರಿಕದ ಫಾದರ್‌ಗಿಲ್ ಮತ್ತು ರೈಟ್ ಎಂಬವರು ಉತ್ತರವನ್ನು ಕಂಡುಕೊಂಡರು. ನವಜಾತ ಶಿಶುವಿನ ರಕ್ತವೂ ವಯಸ್ಕರ ರಕ್ತವೂ ಈ ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲವು. ಎರಡು ತಿಂಗಳಿಂದ ಸುಮಾರು ಮೂರು ವರ್ಷದವರೆಗಿನ ಮಕ್ಕಳ ರಕ್ತಕ್ಕೆ ಮಾತ್ರ ಆ ಶಕ್ತಿ ಇರುವುದಿಲ್ಲ. ರೋಗ ಹೆಚ್ಚಾಗಿ ಕಾಣುವುದೂ ಆ ವಯಸ್ಸಿನಲ್ಲಿಯೇ.

ಹಾಗಾದರೆ ಆ ಕವಚದ ಶರ್ಕರವನ್ನೇ ಶುದ್ಧಿಮಾಡಿ ಲಸಿಕೆಯಾಗಿ ಕೊಟ್ಟರಾಗದೇ ಎಂದು ವಿಜ್ಞಾನಿಗಳು ಆಲೋಚಿಸಿದರು. 1974ರಲ್ಲಿ ಫಿನ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಮಕ್ಕಳನ್ನೊಳಗೊಂಡ ಪರೀಕ್ಷೆಯಲ್ಲಿ, ಅಂಥ ಲಸಿಕೆಯು ಒಂದೂವರೆ ವರ್ಷ ದಾಟಿದವರನ್ನು ಕಾಪಾಡಿತೇ ಹೊರತು, ಯಾರಿಗೆ ರಕ್ಷಣೆ ಅತ್ಯಗತ್ಯವೋ ಆ ಹಸುಗೂಸುಗಳಿಗೆ ನಿಷ್ಫಲವಾಯಿತು. ಶುದ್ಧ ಶರ್ಕರವನ್ನು ಶತ್ರುವೆಂದು ಗುರುತಿಸುವ ಪರಿಪಾಕ ಎಳೆಯ ದೇಹಕ್ಕಿಲ್ಲ; ಪ್ರೋಟೀನನ್ನಾದರೆ ಅದು ಗುರುತಿಸಬಲ್ಲದು. ಶರ್ಕರವನ್ನು ಪ್ರೋಟೀನಿಗೆ ಬಂಧಿಸಿದರೆ ದೇಹವು ಎರಡನ್ನೂ ಅರಿತುಕೊಳ್ಳುವುದೆಂದು ಏವರಿ ಮತ್ತು ಗೋಬೆಲ್ ಎಂಬವರು 1929ರಲ್ಲಿಯೇ ರಾಕ್‌ಫೆಲರ್ ಸಂಸ್ಥೆಯಲ್ಲಿ ತೋರಿಸಿದ್ದರು. ಊರವರು ಲಕ್ಷಿಸದ ಹೊಸಬನೊಬ್ಬನು ಪರಿಚಿತನ ಕೈಹಿಡಿದು ಬಂದಾಗ ಎಲ್ಲರ ಕಣ್ಣಿಗೂ ಬೀಳುವಂತೆಯೇ ಇದೂ. ಅರ್ಧ ಶತಮಾನ ಕಾದಿದ್ದ ಈ ತತ್ತ್ವವನ್ನು ಜಾನ್ ರಾಬಿನ್ಸ್, ರೇಚಲ್ ಶ್ನೀರ್ಸನ್, ಡೇವಿಡ್ ಸ್ಮಿತ್, ಪೋರ್ಟರ್ ಆಂಡರ್ಸನ್ ಇವರು ಹಿಬ್‌ಗೆ ಅನ್ವಯಿಸಿ ಸಂಯುಕ್ತ ಲಸಿಕೆಯನ್ನು ಸಿದ್ಧಪಡಿಸಿದರು. ಎರಡು ತಿಂಗಳ ಶಿಶುಗಳಿಗೂ ಅದನ್ನು ಕೊಡಲು 1990ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ ಮಕ್ಕಳನ್ನು ಪೀಡಿಸುತ್ತಿದ್ದ ರೋಗ ಅಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಇಳಿಯಿತು. ಇದು ಸಿರಿವಂತ ದೇಶಗಳ ಭಾಗ್ಯವೆಂದು ಭಾವಿಸಬೇಕಾಗಿಲ್ಲ; ಆಫ್ರಿಕದ ಬಡದೇಶವಾದ ಗ್ಯಾಂಬಿಯಾದಲ್ಲಿಯೂ 1997ರಲ್ಲಿ ಲಸಿಕೆ ಬಳಕೆಗೆ ಬಂದ ಐದಾರು ವರ್ಷಗಳಲ್ಲಿ ರೋಗ ಬಹುತೇಕ ಅಳಿಸಿಹೋಯಿತು.

ಭಾರತದಲ್ಲಿ ಸರಕಾರವು ಈ ಲಸಿಕೆಯನ್ನು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿಗಳ ಲಸಿಕೆಗಳೊಡನೆ ಕೂಡಿಸಿ, ಪೆಂಟಾವೇಲೆಂಟ್ ಎಂಬ ಹೆಸರಿನಿಂದ 2011ರ ಡಿಸೆಂಬರಿನಲ್ಲಿ ಮೊದಲು ಕೇರಳ, ತಮಿಳುನಾಡುಗಳಲ್ಲಿಯೂ, ಬಳಿಕ ಕರ್ನಾಟಕವೇ ಮೊದಲಾದ ರಾಜ್ಯಗಳಲ್ಲಿಯೂ ಉಚಿತವಾಗಿ ಕೊಡತೊಡಗಿತು. ಕರ್ನಾಟಕದ ಬೆಳಗಾವಿ ಜಿಲ್ಲೆಗಂತೂ ಲಸಿಕೆಯ ಸಂಬಂಧ ಹೊಸದಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ಸಿಡುಬಿನ ಲಸಿಕೆ ಸಿದ್ಧವಾಗುತ್ತಿತ್ತು. ತಿಲಕವಾಡಿಯ ಆ ಆವರಣವನ್ನು ಜನ ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಸಿಡುಬನ್ನು ಭೂಮಿಯಿಂದಲೇ ಓಡಿಸಿದ ಆ ಪರಂಪರೆಯ ಮುಂದಿನ ಕರ್ತವ್ಯವೇ ಪ್ರತಿ ಕೂಸಿಗೂ ಹಿಬ್ ಲಸಿಕೆ ಹಾಕಿಸುವುದು.

ಇದೇ ಜಿಲ್ಲೆಯ, ಮಲಪ್ರಭೆಯ ಸೀಮೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಊರುಗಳಲ್ಲಿ ಈ ಕರ್ತವ್ಯಕ್ಕೆ ಒಂದು ವಿಶೇಷವಾದ ತೊಡಕಿದೆ. ಲಸಿಕೆಯ ಮೂರು ಪ್ರಮಾಣಗಳು ಕೂಸಿನ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಿಗೆ ಗೊತ್ತಾಗಿವೆ. ತಾಯಿಯ ಪ್ರತಿಕಾಯಗಳು ಕರಗುವ ಹೊತ್ತಿಗೆ ಶಿಶುವಿನ ಸ್ವಂತ ಪ್ರತಿಕಾಯಗಳು ಸಿದ್ಧವಾಗಿರಲೆಂಬುದೇ ಈ ಕಾಲನಿರ್ಣಯದ ತಾತ್ಪರ್ಯ. ಆದರೆ ನಮ್ಮಲ್ಲಿ ಈ ವಾರಗಳು ಬಾಣಂತನದ ವಾರಗಳೂ ಆಗಿವೆ. ಬಾಣಂತಿಯು ತವರಿನಲ್ಲಿರುತ್ತಾಳೆ, ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಕೂಸಿನ ಹೆಸರಿದ್ದರೆ, ಕೂಸು ಮಾತ್ರ ಬೇರೊಂದು ಊರಿನಲ್ಲಿರುತ್ತದೆ. ತಾಯಿ ಮಗುವನ್ನು ಗಂಡನ ಮನೆಗೆ ತೊಟ್ಟಿಲೊಡನೆ ಕಳಿಸುವ ವೇಳೆಗೆ ಎರಡನೆಯದೋ ಮೂರನೆಯದೋ ಪ್ರಮಾಣ ತಪ್ಪಿಹೋಗಿರುವುದುಂಟು. ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳಲ್ಲಿಯೂ ಇದೇ ಆಪತ್ತು. ಪರಿಹಾರವೇನೋ ಸುಲಭವಾಗಿದೆ: ಲಸಿಕೆಗಳನ್ನು ಗುರುತುಹಾಕುವ ತಾಯಿ ಕಾರ್ಡು ಕೈಯಲ್ಲಿದ್ದರೆ ಯಾವ ಊರಿನ ಸರಕಾರಿ ಆಸ್ಪತ್ರೆಯಲ್ಲಾಗಲಿ ಅಂಗನವಾಡಿಯ ಲಸಿಕಾದಿನದಂದಾಗಲಿ ಮುಂದಿನ ಪ್ರಮಾಣವನ್ನು ಹಾಕಿಸಿಕೊಳ್ಳಬಹುದು. ತವರಿನ ಹಿರಿಯರು ಬಾಣಂತಿಯ ಪಥ್ಯಕ್ಕೆ ವಹಿಸುವ ಶ್ರದ್ಧೆಯನ್ನೇ ಈ ಮೂರು ತಾರೀಕುಗಳಿಗೂ ವಹಿಸಿದರೆ ಸಾಕು. ತೊಡೆಗೆ ಚುಚ್ಚಿದ ಮೇಲೆ ಒಂದೆರಡು ದಿನ ಬಾವು, ಸಣ್ಣ ಜ್ವರ ಬರಬಹುದು. ಅದಕ್ಕಂಜಿ ಮುಂದಿನದನ್ನು ಬಿಡತಕ್ಕದ್ದಲ್ಲ. ವಾರ ತಪ್ಪಿದರೂ ನಿರಾಶರಾಗಬೇಕಿಲ್ಲ. ಸರಕಾರದ ಕ್ರಮದಲ್ಲಿ ವರ್ಷ ತುಂಬುವುದರೊಳಗೆ ಮೊದಲ ಪ್ರಮಾಣವನ್ನು ಆರಂಭಿಸಲು ಅವಕಾಶವಿದೆ. ಆದರೂ ವಿಳಂಬವಾದ ಪ್ರತಿವಾರವೂ ಕೂಸನ್ನು ಆ ಅರಕ್ಷಿತ ನಡುಗಾಲದಲ್ಲಿ ಒಂಟಿಯಾಗಿ ನಿಲ್ಲಿಸಿದಂತೆಯೇ.

2000ದಲ್ಲಿ ಪ್ರಪಂಚದಾದ್ಯಂತ ಐದು ವರ್ಷದೊಳಗಿನ ಸುಮಾರು 3,71,000 ಮಕ್ಕಳು ಈ ರೋಗದಿಂದ ತೀರಿಕೊಂಡರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಇಂದು ರೋಗ ಕಣ್ಣಿಗೆ ಬೀಳುವುದು ವಿರಳವಾಗುತ್ತಿರುವುದರಿಂದ, ಅದರ ಭಯವೂ ಲಸಿಕೆಯ ಮೇಲಣ ಆದರವೂ ಒಟ್ಟಿಗೆ ಮರೆಯಾಗುವ ಅಪಾಯವಿದೆ. ಬ್ಯಾಕ್ಟೀರಿಯವು ಅಳಿದುಹೋಗಿಲ್ಲ; ಆದರೆ ಲಸಿಕೆ ಪಡೆದ ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಅದಕ್ಕೆ ನೆಲೆಸಲು ಗಂಟಲುಗಳು ಕಡಿಮೆಯಾಗುತ್ತವೆ, ಇನ್ನೂ ಲಸಿಕೆಯ ವಯಸ್ಸಿಗೆ ಬಾರದ ನೆರೆಮನೆಯ ಹಸುಳೆಗೂ ಅದರಿಂದ ರಕ್ಷೆ ದೊರೆಯುತ್ತದೆ. ತಾಯಿ ಕೊಟ್ಟ ರಕ್ಷಣೆ ಮುಗಿಯುವಲ್ಲಿಂದ ಊರು ಕೊಡುವ ರಕ್ಷಣೆ ಆರಂಭವಾಗಬೇಕು; ತನ್ನ ಮಗುವಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವ ಪ್ರತಿಯೊಂದು ಮನೆಯೂ ಆ ರಕ್ಷಣೆಯನ್ನು ಕಟ್ಟುವುದರಲ್ಲಿ ಪಾಲ್ಗೊಂಡಂತಾಗುತ್ತದೆ.