ಹಳೆಯ ಅಲ್ಯೂಮಿನಿಯಂ ದೋಣಿಯ ತೂತುಗಳನ್ನು ಮುಚ್ಚುವ ಕ್ರಮ

ಹೊಳೆಯ ಆಚೆ ದಡದಲ್ಲಿ ಗದ್ದೆ ತೋಟಗಳುಳ್ಳ ಗ್ರಾಮಗಳಲ್ಲಿ ದೋಣಿಯೂ ನೇಗಿಲಿನಂತೆ ಬೇಸಾಯದ ಒಂದು ಉಪಕರಣವೇ ಸರಿ. ಗೊಬ್ಬರದ ಮೂಟೆಗಳೂ ಕೂಲಿಯಾಳುಗಳೂ ಶಾಲೆಯ ಮಕ್ಕಳೂ ಅದರಲ್ಲಿಯೇ ದಾಟಬೇಕಾಗುವುದು. ಅಲ್ಯೂಮಿನಿಯಂ ಲೋಹವು ತೂಕದಲ್ಲಿ ಕಬ್ಬಿಣದ ಸುಮಾರು ಮೂರನೆಯ ಒಂದು ಭಾಗವಾಗಿದ್ದು, ಮರದಂತೆ ಕೊಳೆಯುವುದೂ ಇಲ್ಲ. ಆದಕಾರಣ ಹಳೆಯದೊಂದು ದೋಣಿಯು ಕಡಿಮೆ ಬೆಲೆಗೆ ದೊರೆತಾಗ ಕೊಳ್ಳುವುದು ಅವಿವೇಕವಲ್ಲ. ಆದರೆ ಅಂತಹ ದೋಣಿಯಲ್ಲಿ ಹಿಂದಿನ ಯಜಮಾನನು ಕಿತ್ತುಹಾಕಿದ ಆಸನಗಳ, ಇಂಜಿನಿನ, ಕೊಂಡಿಗಳ ತೂತುಗಳು ಉಳಿದೇ ಇರುವುವು. ಇವುಗಳನ್ನು ಮುಚ್ಚುವ ಬಗೆಯಲ್ಲಿ ಹಳ್ಳಿಗಳಲ್ಲಿ ನಡೆಯುವ ತಪ್ಪುಗಳು ಪ್ರಾಣಕ್ಕೇ ಅಪಾಯಕರವಾದುವು.

ಹರಿಗೋಲಿಗೆ ಡಾಂಬರು ಬಳಿದು ರೂಢಿಯಾದ ಕೈ ಅಲ್ಯೂಮಿನಿಯಮಿಗೂ ಅದನ್ನೇ ಮಾಡುವುದು. ಕಬ್ಬಿಣದ ಬೋಲ್ಟೊಂದನ್ನು ತೂರಿಸಿ ನಟ್ಟು ಬಿಗಿದು ಮೇಲೆ ಡಾಂಬರು ಮೆತ್ತಿದರೆ ಒಂದು ಮಳೆಗಾಲ ನೀರು ನಿಲ್ಲಬಹುದು. ಆದರೆ ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ತಾಗಿಕೊಂಡು ನೀರಿನಲ್ಲಿ ನೆನೆದಾಗ ಅವುಗಳ ನಡುವೆ ಸಣ್ಣ ವಿದ್ಯುತ್ಪ್ರವಾಹವುಂಟಾಗಿ, ಅಲ್ಯೂಮಿನಿಯಮೇ ಸವೆಯುವುದು. ಡಾಂಬರಿನ ಮರೆಯಲ್ಲಿ ಬೋಲ್ಟಿನ ಸುತ್ತಲಿನ ತಗಡು ಬಿಳಿಯ ಪುಡಿಯಾಗಿ ಉದುರಿ, ಒಂದು ದಿನ ಬೋಲ್ಟು ಹೊಳೆಯ ನಡುವೆ ಕಳಚಿಕೊಳ್ಳುವುದು. ತಾಮ್ರ ಹಿತ್ತಾಳೆಗಳು ಕಬ್ಬಿಣಕ್ಕಿಂತಲೂ ಕೆಟ್ಟವು. ಸಿಮೆಂಟು ಮೆತ್ತುವವರೂ ಉಂಟು. ಹಸಿ ಸಿಮೆಂಟಿನ ಮತ್ತು ಸುಣ್ಣದ ಕ್ಷಾರವು ಈ ಲೋಹವನ್ನು ತಿನ್ನುವುದೆಂಬುದು ಅವರಿಗೆ ತಿಳಿಯದು. ಅಲ್ಯೂಮಿನಿಯಂ ತೂತಿಗೆ ಅಲ್ಯೂಮಿನಿಯಮೇ ಮದ್ದು.

ಮೊದಲು ದೋಣಿಯನ್ನು ಒಣಗಿಸಿ, ಮರದ ದಿಮ್ಮಿಗಳ ಮೇಲೆ ತಳಕ್ಕೆಲ್ಲ ಆಸರೆ ಸಿಗುವಂತೆ ಕೂರಿಸಿ, ಒಳಗೆ ಮೂರು ನಾಲ್ಕು ಅಂಗುಲ ನೀರು ತುಂಬಬೇಕು. ಹೊರಗೆ ಹನಿಯುವ ಸ್ಥಳಗಳನ್ನೆಲ್ಲ ಮೇಣದ ಬಣ್ಣದ ಕಡ್ಡಿಯಿಂದ ಗುರುತಿಸತಕ್ಕದ್ದು. ಸೀಸದ ಕಡ್ಡಿಯೆಂದು ಕರೆಯುವ ಪೆನ್ಸಿಲಿನಿಂದ ಗುರುತು ಮಾಡಬಾರದು. ಅದರೊಳಗಿನ ಗ್ರಾಫೈಟೂ ಈ ಲೋಹಕ್ಕೆ ಹಗೆಯೇ. ಕಣ್ಣಿಗೆ ಕಾಣುವ ದೊಡ್ಡ ತೂತಿಗಿಂತ ಹಳೆಯ ರಿವೆಟ್ಟುಗಳ ಸಾಲಿನಲ್ಲಿಯೇ ನೀರು ಹೆಚ್ಚಾಗಿ ಒಸರುವುದೂ ಉಂಟು.

ಐದು ಮಿಲಿಮೀಟರಿನೊಳಗಿನ ತೂತಿಗೆ ಅಲ್ಯೂಮಿನಿಯಂ ರಿವೆಟ್ಟೊಂದು ಸಾಕು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಪಾಪ್ ರಿವೆಟ್ಟಿನ ನಡುವೆ ಟೊಳ್ಳಿರುವುದರಿಂದ ಅದರ ಮೂಲಕವೇ ನೀರು ಬರುವುದು. ತುದಿ ಮುಚ್ಚಿದ ಜಾತಿಯದನ್ನೋ ಗಟ್ಟಿ ರಿವೆಟ್ಟನ್ನೋ ಕೇಳಿ ತರಬೇಕು. ಅದಕ್ಕಿಂತ ದೊಡ್ಡದಕ್ಕೆ ತೇಪೆಯೇ ಗತಿ. ತೇಪೆಯ ತಗಡು ದೋಣಿಯ ತಗಡಿನಷ್ಟೇ ದಪ್ಪವಾಗಿದ್ದು, 5052 ಎಂಬ ಅಂಕಿಯ ಮಿಶ್ರಲೋಹದ್ದಾದರೆ ಉತ್ತಮ. ಅಡುಗೆಯ ಪಾತ್ರೆಯನ್ನು ಕತ್ತರಿಸಿ ಮಾಡಿದ ತೇಪೆಯು ಮೆತು. ತೇಪೆಯು ತೂತಿನ ಅಂಚಿನಿಂದ ಎಲ್ಲ ಕಡೆಗೂ ಎರಡು ಅಂಗುಲ ಚಾಚಿರಲಿ. ಮೂಲೆಗಳನ್ನು ದುಂಡಗೆ ಮಾಡಿ, ಕಲ್ಲಿಗೆ ಸಿಕ್ಕಿ ಏಳದಂತೆ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜಿರಬೇಕು. ಸೀಳಾಗಿದ್ದಲ್ಲಿ ಅದರ ಎರಡು ತುದಿಗಳಿಗೂ ಮೂರು ಮಿಲಿಮೀಟರಿನ ಬೈರಿಗೆಯಿಂದ ದುಂಡು ರಂಧ್ರ ಕೊರೆದ ಮೇಲೆಯೇ ತೇಪೆ ಹಾಕುವುದು. ಇಲ್ಲವಾದರೆ ಸೀಳು ತೇಪೆಯ ಕೆಳಗೇ ಮುಂದೆ ಓಡುವುದು.

ಕೆಲಸದ ಮುಕ್ಕಾಲು ಪಾಲು ಶುಚಿಮಾಡುವುದರಲ್ಲಿದೆ. ಬಣ್ಣ, ಡಾಂಬರು, ಎಣ್ಣೆ ಯಾವತ್ತನ್ನೂ ತೆಗೆದು, ಅಸಿಟೋನಿನಿಂದ ಒರಸಿ, ಕಬ್ಬಿಣ ಮುಟ್ಟಿರದ ಹೊಸ ಸ್ಟೇನ್‌ಲೆಸ್ ಉಕ್ಕಿನ ಕುಂಚದಿಂದ ಲೋಹ ಹೊಳೆಯುವಂತೆ ಉಜ್ಜಿ, ತಡಮಾಡದೆ ಪಾಲಿಯುರೇಥೇನ್ ಅಂಟನ್ನು ಎರಡು ಮೈಗೂ ಹಚ್ಚಬೇಕು. ಹುಳಿ ವಾಸನೆಯ ಸಿಲಿಕೋನ್ ಅಂಟು ಬೇಡ. ಅದು ಆರುವಾಗ ಬಿಡುವ ಆಮ್ಲವು ಲೋಹಕ್ಕೆ ಹಿತವಲ್ಲ. ಐದು ಮಿಲಿಮೀಟರಿನ ರಿವೆಟ್ಟುಗಳನ್ನು ಅಂಗುಲಕ್ಕೊಂದರಂತೆ, ತೇಪೆಯ ಅಂಚಿನಿಂದ ಹತ್ತು ಮಿಲಿಮೀಟರಿಗೆ ಕಡಿಮೆಯಿಲ್ಲದ ದೂರದಲ್ಲಿ, ಎದುರುಬದುರಾಗಿ ಬಿಗಿಯುತ್ತ ಬರಬೇಕು. ಸುತ್ತಲೂ ಅಂಟು ಹೊರಬಂದರೆ ಸರಿಯಾಯಿತೆಂದು ತಿಳಿಯುವುದು.

ಬೆಸುಗೆ ಹಾಕಿಸಬಾರದೇ ಎಂದು ಕೇಳುವರು. ಈ ಲೋಹವು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಅದರ ಮೈಮೇಲಿನ ಪೊರೆಯಾದರೋ 2,000 ಡಿಗ್ರಿ ದಾಟಿದರೂ ಕರಗದು. ಕೆಂಪಗಾಗುವುದನ್ನು ಕಾಯುತ್ತಿದ್ದ ಕಮ್ಮಾರನ ಕಣ್ಣೆದುರಿಗೇ ತಗಡು ಕುಸಿದುಬೀಳುವುದು. ಆರ್ಗಾನ್ ಅನಿಲದ ಬೆಸುಗೆಯಲ್ಲಿ ನುರಿತವನು ಪಟ್ಟಣದಲ್ಲಿದ್ದರೆ ಒಯ್ಯಬಹುದು. ಅದಕ್ಕೆ ಮುನ್ನ ಪೆಟ್ರೋಲಿನ ತೊಟ್ಟಿಯನ್ನೂ ಹಲಗೆಯ ಕೆಳಗಿನ ನೊರೆರಬ್ಬರನ್ನೂ ತೆಗೆದಿಡದಿದ್ದರೆ ಬೆಂಕಿ ಹತ್ತುವುದು.

ಅಂಟು ಆರಿದ ಮೇಲೆ ಮತ್ತೆ ನೀರು ತುಂಬಿ ನೋಡಿ, ಬಳಿಕ ಅಂಬಿಗನೊಬ್ಬನೇ ದಡದ ಬಳಿ ಒಂದು ದಿನ ನಡೆಸಿ ನೋಡತಕ್ಕದ್ದು. ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದರೆ ತಳವು ಅಲ್ಲಲ್ಲಿ ತಗ್ಗಾಗುವಂತಿದ್ದರೆ ಅಂತಹ ದೋಣಿಗೆ ತೇಪೆಯ ಖರ್ಚೂ ದಂಡ. ಅದನ್ನು ಗುಜರಿಗೆ ಹಾಕಿಬಿಡುವುದೇ ಲೇಸು. ಮಕ್ಕಳನ್ನು ಕೂರಿಸುವ ದೋಣಿಯ ವಿಷಯದಲ್ಲಿ ಈ ತೀರ್ಮಾನವನ್ನು ಅಂಬಿಗನಿಗೆ ಬಿಡದೆ ಗ್ರಾಮದ ಮುಖ್ಯರೇ ನಿಂತು ಮಾಡಬೇಕು.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ ಒಂದರ ಬೋರ್ಡೋ ದ್ರಾವಣದಲ್ಲಿ 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರುವುದಷ್ಟೆ. ಇವೆರಡೂ ಅಲ್ಯೂಮಿನಿಯಮನ್ನು ತಿನ್ನತಕ್ಕವು. ಮೈಲುತುತ್ತದ ನೀರು ಚೆಲ್ಲಿದ ಕಡೆ ತಾಮ್ರವು ತಗಡಿನ ಮೇಲೆ ಕೂತು ಸೂಜಿಮೊನೆಯಂತಹ ತೂತುಗಳನ್ನು ಕೊರೆಯುವುದು. ಪೊಟ್ಯಾಷ್ ಗೊಬ್ಬರದ ಉಪ್ಪೂ ತಳದಲ್ಲಿ ನೆನೆದು ಉಳಿದರೆ ಹೀಗೆಯೇ ಕೆಡುಕು ಮಾಡುವುದು. ಇವುಗಳನ್ನು ಮುಚ್ಚಳವುಳ್ಳ ಪ್ಲಾಸ್ಟಿಕ್ ಪೀಪಾಯಿಗಳಲ್ಲಿಟ್ಟು ಸಾಗಿಸಿ, ದಡ ಸೇರಿದೊಡನೆ ದೋಣಿಯ ಒಳಮೈಯನ್ನು ಹೊಳೆಯ ನೀರಿನಿಂದಲೇ ಎರಡಾವರ್ತಿ ತೊಳೆದು, ಒಣಗುವಂತೆ ಬೋರಲು ಹಾಕಿಡತಕ್ಕದ್ದು.