ಮಂಗಟ್ಟೆ ನೋಡಲು ಹೊರಟವರಿಗೆ

ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ. ನೆತ್ತಿಯ ಮೇಲೆ ಯಾರೋ ದೊಡ್ಡ ಮೊರ ಬೀಸುತ್ತಿರುವಂಥ ಸದ್ದು. ರೆಕ್ಕೆಯಡಿಯಲ್ಲಿ ಹಾರುಗರಿಗಳ ಬುಡ ಮುಚ್ಚುವ ಕಿರುಗರಿಗಳು ಇದಕ್ಕಿಲ್ಲ. ಸಂದಿಯಲ್ಲಿ ಗಾಳಿ ನುಗ್ಗಿ ಭುಸುಗುಡುತ್ತದೆ. ಆದ್ದರಿಂದ ಕಾಡಿನೊಳಗೆ ಮಾತು ನಿಲ್ಲಿಸಿ, ಸದ್ದು ಬಂದ ದಿಕ್ಕಿಗೆ ತಲೆಯೆತ್ತಿ.

ದಾಂಡೇಲಿ ಸುತ್ತ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಇವಕ್ಕೆಂದೇ 2011ರಲ್ಲಿ ಅಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಬೂದುಬಣ್ಣದ ಎರಡು ಚಿಕ್ಕವು, ಗೊಂದಲವಿಲ್ಲ. ಎಡವುವುದು ಮಲಬಾರ್ ಕಪ್ಪು-ಬಿಳಿ ಮಂಗಟ್ಟೆಯ ಹತ್ತಿರ. ದೊಡ್ಡ ಮಂಗಟ್ಟೆಯಂತೆ ಅದಕ್ಕೂ ಕೊಕ್ಕಿನ ಮೇಲೆ ಕಿರೀಟವುಂಟು. ಕೊಕ್ಕು ಬಿಟ್ಟು ಕುತ್ತಿಗೆ, ಬಾಲ ನೋಡಿ. ದೊಡ್ಡದರ ಕುತ್ತಿಗೆ ಹಳದಿ ಮಿಶ್ರಿತ ಬಿಳುಪು, ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ. ಇನ್ನೊಂದರ ಕುತ್ತಿಗೆ ಕಪ್ಪು, ಬಾಲದ ನಡುವೆ ಕಪ್ಪು, ಅಂಚು ಬಿಳಿ. ಹಾರುವಾಗ ದೊಡ್ಡದರ ರೆಕ್ಕೆಯ ನಡುವೆಯೂ ಬಿಳಿ ಪಟ್ಟೆ ಹೊಳೆಯುತ್ತದೆ. ಆ ಹಳದಿ ಹುಟ್ಟಿನಿಂದ ಬಂದದ್ದಲ್ಲ, ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿಯೇ ಗರಿಗಳಿಗೆ ಬಳಿದುಕೊಂಡದ್ದು. ದುರ್ಬೀನಿದ್ದರೆ ಕಣ್ಣನ್ನೂ ನೋಡಿ: ಗಂಡಿನದು ಕೆಂಪು, ಹೆಣ್ಣಿನದು ಬಿಳುಪು.

ಎಲ್ಲಿ ಕಾಯಬೇಕು? ಹಣ್ಣು ಬಿಟ್ಟ ಅತ್ತಿ, ಆಲ, ಬಸರಿ ಮರ ಹುಡುಕಿ, ಬೆಳಗಿನ ಜಾವವೇ ದೂರದಲ್ಲಿ ಕೂತುಬಿಡಿ. ಕಾಡು ಸುತ್ತುವುದಕ್ಕಿಂತ ಒಂದೇ ಮರ ಕಾಯುವುದು ಮೇಲು.

ಗೂಡಿನ ವಿಷಯ ಮಾತ್ರ ಬೇರೆ. ಬೇಸಿಗೆಯ ಹೊತ್ತಿಗೆ ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಅಷ್ಟು ದಿನವೂ ಅದರ ಹೊಟ್ಟೆಪಾಡು ಗಂಡಿನದೇ. ಗಂಟಲಲ್ಲಿ ಹಣ್ಣು ತುಂಬಿಕೊಂಡ ಗಂಡು ಪಕ್ಕದ ಮರದಲ್ಲೇ ಕೂತು ಅತ್ತಿತ್ತ ನೋಡುತ್ತ ಗೂಡಿಗೆ ಬಾರದಿದ್ದರೆ ನೀವು ತೀರಾ ಹತ್ತಿರವಿದ್ದೀರಿ ಎಂದೇ ತಿಳಿಯಿರಿ. ಫೋಟೊ ಆಸೆ ಬಿಟ್ಟು, ಸದ್ದಿಲ್ಲದೆ ಹಿಂದೆ ಸರಿಯಿರಿ. ಮರೆ ಸಿಗುವಷ್ಟು ದೂರ ಹೋಗಿ ದುರ್ಬೀನಿನಲ್ಲಿ ನೋಡಿ: ಗಂಡು ಕಾಂಡಕ್ಕೆ ಬಂದು ಅಂಟಿಕೊಳ್ಳುತ್ತದೆ, ಕತ್ತು ಅಲುಗಿಸಿ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ದಾಟಿಸುತ್ತದೆ.