ಮೋಶೆಯ ತಲೆಗೆ ಕೊಂಬು ಬಂದದ್ದು ಹೇಗೆ?

'ನಿನಗೇನು ಕೊಂಬು ಮೂಡಿದೆಯೋ?' ಎಂದು ಗರ್ವದಿಂದ ಮೆರೆಯುವವರನ್ನು ನಾವು ಕೇಳುವುದುಂಟು. ಆದರೆ ರೋಮ್ ನಗರದ ಸ್ಯಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ನಿಜವಾಗಿಯೇ ಕೊಂಬು ಮೂಡಿದ ಮಹಾಪುರುಷನೊಬ್ಬ ಕುಳಿತಿದ್ದಾನೆ. ಯೆಹೂದ್ಯರಿಗೆ ಧರ್ಮಶಾಸ್ತ್ರ ತಂದುಕೊಟ್ಟ ಮೋಶೆಯೇ ಆತ. ಪೋಪ್ ಎರಡನೆಯ ಜೂಲಿಯಸರ ಸಮಾಧಿಗಾಗಿ 16ನೇ ಶತಮಾನದ ಆರಂಭದಲ್ಲಿ ಮೈಕೆಲೆಂಜೆಲೊ ಕಡೆದ ಈ ಅಮೃತಶಿಲೆಯ ಮೂರ್ತಿಯ ತಲೆಯ ಮೇಲೆ ಎರಡು ಪುಟ್ಟ ಕೊಂಬುಗಳಿವೆ. ಇದು ಶಿಲ್ಪಿಯ ಕುಚೋದ್ಯವಲ್ಲ. ಇದರ ಮೂಲ ಒಂದು ಹೀಬ್ರೂ ಕ್ರಿಯಾಪದ!

ಬೈಬಲಿನ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ಮೋಶೆ ಎರಡು ಕಲ್ಲಿನ ಹಲಗೆಗಳನ್ನು ಹಿಡಿದು ಸೀನಾಯಿ ಬೆಟ್ಟದಿಂದ ಇಳಿದು ಬರುತ್ತಾನೆ. ದೇವರೊಡನೆ ಮಾತನಾಡಿದ್ದರಿಂದ ಅವನ ಮುಖದ ಚರ್ಮದಲ್ಲಿ ಏನೋ ಬದಲಾವಣೆಯಾಗಿರುತ್ತದೆ. ಜನ ಹತ್ತಿರ ಬರಲು ಹೆದರುತ್ತಾರೆ. ಆ ಬದಲಾವಣೆಯನ್ನು ಹೇಳುವ ಕ್ರಿಯಾಪದವೇ 'ಕಾರನ್'. ಅದೇ ಧಾತುವಿನ ನಾಮಪದ 'ಕೆರೆನ್' ಎಂದರೆ ಕೊಂಬು. ಈ ರೂಪದಲ್ಲಿ ಕ್ರಿಯಾಪದ ಬರುವುದು ಇದೊಂದೇ ಅಧ್ಯಾಯದಲ್ಲಿ, ಅದೂ ಮೂರು ಬಾರಿ ಮಾತ್ರ. ಹೋಲಿಸಿ ನೋಡಲು ಬೇರೆ ವಾಕ್ಯಗಳಿಲ್ಲದಿರುವುದೇ ತೊಡಕಿಗೆ ಕಾರಣ.

ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದ 'ಮಹಿಮೆ ಹೊಂದಿತು' ಎಂದಿತು. ಸುಮಾರು ಕ್ರಿ.ಶ. 400ರ ವೇಳೆಗೆ ಹೀಬ್ರೂವಿನಿಂದ ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮ್ 'ಕೊಂಬುಳ್ಳದ್ದು' ಎಂಬ ಪದ ಬಳಸಿದರು. ಇದನ್ನು ಬರೀ ಅಜ್ಞಾನ ಎನ್ನಲಾಗದು. ಅವರಿಗೆ ಗ್ರೀಕ್ ಪಾಠ ಗೊತ್ತಿತ್ತು. ಅವರಿಗಿಂತ ಮೊದಲೇ ಅಕ್ವಿಲ ಎಂಬ ಅನುವಾದಕನೂ ಕೊಂಬಿನ ಅರ್ಥವನ್ನೇ ಹಿಡಿದಿದ್ದ. ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ಕೊಂಬು ಶಕ್ತಿ, ಗೌರವಗಳ ಚಿಹ್ನೆಯೂ ಆಗಿತ್ತು.

ಆದರೆ ಓದುಗರಿಗೆ, ಚಿತ್ರಕಾರರಿಗೆ ಈ ಸೂಕ್ಷ್ಮ ತಲುಪಲಿಲ್ಲ. 11ನೇ ಶತಮಾನದ ಇಂಗ್ಲೆಂಡಿನ ಹಸ್ತಪ್ರತಿಯೊಂದರಲ್ಲಿ ಕೊಂಬಿನ ಮೋಶೆ ಕಾಣಿಸಿಕೊಂಡ. ಅನಂತರ ಯೂರೋಪಿನ ಚರ್ಚುಗಳಲ್ಲೆಲ್ಲ ಆ ರೂಪ ಹರಡಿತು. ಸೈತಾನನಿಗೂ ಕೊಂಬು ಬರೆಯುತ್ತಿದ್ದ ಕಾಲವದು. ಯೆಹೂದ್ಯರಿಗೆ ಕೊಂಬಿದೆ ಎಂಬ ಕ್ರೂರ ಅಪಪ್ರಚಾರಕ್ಕೆ ಇಂಥ ಚಿತ್ರಗಳೂ ಇಂಬು ಕೊಟ್ಟವು. ಪವಿತ್ರ ಪುರುಷನ ಗುರುತು ಒಂದು ಜನಾಂಗದ ಅವಹೇಳನಕ್ಕೆ ಒದಗಿದ್ದು ವಿಪರ್ಯಾಸ.

ಹಾಗಾದರೆ ಸರಿಯಾದ ಅರ್ಥ ಯಾವುದು? ಮೂಲದಲ್ಲಿ ಕ್ರಿಯಾಪದದ ಕರ್ತೃ 'ತಲೆ' ಅಲ್ಲ, 'ಮುಖದ ಚರ್ಮ' ಎಂಬುದನ್ನು ಗಮನಿಸಬೇಕು. ಚರ್ಮ ಹೊಳೆಯಬಲ್ಲದು, ಮುಖದ ತುಂಬ ಕೊಂಬು ಮೂಡುವುದು ಕಷ್ಟ. ಹಬಕ್ಕೂಕನ ಗ್ರಂಥದಲ್ಲಿಯೂ ಇದೇ ಧಾತುವಿನ ಪದ ಬೆಳಕಿನ ವರ್ಣನೆಯ ಜೊತೆಗೇ ಬಂದಿದೆ. ಬೆಳಕು ಕೊಂಬಿನಂತೆ ಚಾಚಿಕೊಳ್ಳುತ್ತದೆ ಎಂದು 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಎರಡನ್ನೂ ಬೆಸೆದು ವಿವರಿಸಿದ್ದಾರೆ. 1611ರ ಇಂಗ್ಲಿಷ್ ಬೈಬಲ್ 'ಹೊಳೆಯಿತು' ಎಂದೇ ಅನುವಾದಿಸಿತು. ಕನ್ನಡ ಬೈಬಲ್ ಓದುವವರಿಗೂ ಸಿಗುವುದು ಪ್ರಕಾಶಿಸುವ ಮುಖವೇ.

ಪುಸ್ತಕದಲ್ಲಿ ಪದವನ್ನು ತಿದ್ದಬಹುದು. ಕಲ್ಲಿನಲ್ಲಿ ಕಡೆದದ್ದನ್ನು ತಿದ್ದುವವರು ಯಾರು? ರೋಮಿನ ಮೋಶೆ ಇಂದಿಗೂ ಕೊಂಬು ಹೊತ್ತೇ ಕುಳಿತಿದ್ದಾನೆ.